ತೇಲುಬುರುಡೆ

ಮೂವತ್ತೆಂಟು ಸಲ ಹಗ್ಗ ಎಳೆದಾಯಿತು.
ಎಣಿಸಿದವಳು ಮಾವಿಸ್, ಎಳೆದವಳು ನಾನು.
ಮೋಟಾರು ಒಮ್ಮೆ ಕೆಮ್ಮಿತು,
ನೀರಿನ ಮೇಲೊಂದು ಕಾಮನಬಿಲ್ಲು ಉಗುಳಿತು,
ಮತ್ತೆ ಮಾತಿಲ್ಲ.

ವಿವೆನ್ಹೋ ದಂಡೆಯಲ್ಲಿ ಇಳಿತ ಶುರುವಾಗಿತ್ತು.
ನಿರಿಗೆ ಎತ್ತಿ ಹಿಡಿದು ಕೋಲ್ನ್ ನದಿ
ಕೆಸರಿನ ನಡುವೆ ಕಡಲಿಗೆ ಹೊರಟಿತ್ತು.
ಇನ್ನೊಂದು ತಾಸು. ಆಮೇಲೆ ದೋಣಿ
ಎಮ್ಮೆಯ ಹಾಗೆ ರೊಚ್ಚೆಯಲ್ಲಿ ಕೂತುಬಿಡುತ್ತದೆ.

ನನ್ನ ಕೈಗೆ ಗೊತ್ತಿದ್ದದ್ದು ಒಂದೇ ಮದ್ದು:
ದಾವಣಗೆರೆಯ ಗಲ್ಲಿಯಲ್ಲಿ ಅಪ್ಪ, ದಿನಾ ಬೆಳಿಗ್ಗೆ,
ಸ್ಕೂಟರನ್ನು ತನ್ನ ಕಡೆ ವಾಲಿಸಿಕೊಂಡು
ಕೂಸಿಗೆ ಒಳಲೆ ಹಿಡಿದವರಂತೆ ಕಾಯುತ್ತಿದ್ದರು,
ಹತ್ತು ಎಣಿಸಿ, ಒಂದು ಒದೆತ.
ಅದು ಹಸಿದ ಇಂಜಿನ್ನು.
ಇದಕ್ಕೆ ಬಂದದ್ದು ಬರವಲ್ಲ, ನೆರೆ.
ಪ್ಲಗ್ಗು ಬಿಚ್ಚಿದರೆ ಕಾಡಿಗೆ ಕದಡಿದ ಕಣ್ಣು,
ಇನ್ನೂ ತೊಟ್ಟಿಕ್ಕುತ್ತಿತ್ತು.

ಕೊಳಾಯಿ ಮುಚ್ಚಿದೆ. ಪ್ಲಗ್ಗನ್ನು ಏಪ್ರನ್ನಿಗೆ ಒರೆಸಿ
ಬರಿದೇ ತೂತು ಬಿಟ್ಟು ಆರು ಸಲ ಎಳೆದೆ.
ಸಿಲಿಂಡರು ಬಿಕ್ಕಿ ಬಿಕ್ಕಿ ಎಲ್ಲ ಕಕ್ಕಿತು.
ಪ್ಲಗ್ಗು ಹಾಕಿ ಕೊಳಾಯಿ ತೆರೆದರೆ
ಮತ್ತೆ ಅದೇ ಸೋರಿಕೆ, ಕಾರ್ಬುರೇಟರಿನ ಕಟವಾಯಿಯಿಂದ.

ತಪ್ಪು ಗಂಟಲಿನದಲ್ಲ ಹಾಗಾದರೆ. ಬಾಗಿಲಿನದು.
ಒಳಗೊಂದು ಪುಟ್ಟ ಬಟ್ಟಲು,
ಅದರಲ್ಲಿ ಹಿತ್ತಾಳೆಯ ತೇಲುಬುರುಡೆ, ನೆತ್ತಿಗೆ ಸೂಜಿ.
ಪೆಟ್ರೋಲು ಏರಿದ ಹಾಗೆ ಬುರುಡೆ ಏರಬೇಕು,
ಸೂಜಿ ಬಾಗಿಲು ಹಾಕಬೇಕು.
ಪಂಕ್ತಿಯಲ್ಲಿ ಎಲೆಗೆ ಅಡ್ಡ ಹಿಡಿದ ಕೈಯಂತೆ
ಅದರ ಬಾಳಿಗೆಲ್ಲ ಒಂದೇ ಮಾತು: ಸಾಕು.

ನಾನೂ ಬಡಿಸುವವಳೇ, ಶಾಲೆಯ ಅಡುಗೆಮನೆಯಲ್ಲಿ.
ಸಾಕು ಅನ್ನಲು ಬಾರದ ಮಗು ಒಂದಾದರೂ ಇರುತ್ತದೆ.
ಬಟಾಣಿ ತಟ್ಟೆ ದಾಟಿ ಉರುಳಿದರೂ
ಸುಮ್ಮನೆ ನನ್ನ ಮುಖವನ್ನೇ ನೋಡುತ್ತದೆ.

ಬುರುಡೆ ತೆಗೆದೆ. ಸಂತೆಯಲ್ಲಿ ಕಾಯಿ ಕೊಳ್ಳುವವಳಂತೆ
ಕಿವಿಗೆ ಹಿಡಿದು ಕುಲುಕಿದೆ.
ಗುಳುಕ್.
ತೆಂಗಿನಕಾಯಾಗಿದ್ದರೆ ಸಂತೋಷ ಪಡಬಹುದಿತ್ತು.

ಮಾವಿಸಳಿಗೆ ಕೊಟ್ಟೆ. ಅವಳೂ ಕುಲುಕಿದಳು,
ಕಿವಿ ಬದಲಿಸಿ ಇನ್ನೊಮ್ಮೆ.
'ಕ್ಲೆಮ್‌ಗೂ ಕೊನೆಕೊನೆಗೆ ಹೀಗೇ
ಎದೆಯಲ್ಲಿ ನೀರು ತುಂಬಿತ್ತು' ಅಂದಳು,
ನಾಳೆ ಮೋಡ ಅನ್ನುವ ದನಿಯಲ್ಲಿ.
'ಹೇಗಿದ್ದೀಯೋ ಅಂದರೆ, ತೇಲುತ್ತಿದ್ದೇನಕ್ಕ ಅನ್ನುತ್ತಿದ್ದ.'

ಬುರುಡೆ ಬಿಟ್ಟನಲ್ಲ ನಿನ್ನ ತಮ್ಮ,
ಅಂತ ಬಾಯಿಗೆ ಬಂದ ಕನ್ನಡವನ್ನು
ಇಂಗ್ಲಿಷಿಗೆ ದಾಟಿಸಲಾಗದೆ ನುಂಗಿಕೊಂಡೆ.
ಅಷ್ಟರಲ್ಲಿ ದೋಣಿ ಕೂತೇಬಿಟ್ಟಿತ್ತು.

ಅವಳ ಅಡುಗೆಮನೆಯ ಮಗ್ಗಿನಲ್ಲಿ, ಬಿಸಿನೀರಿನಲ್ಲಿ,
ಚಮಚದಿಂದ ಒತ್ತಿ ಮುಳುಗಿಸಿದಾಗ
ಬುರುಡೆಯ ಅಂಚಿನಿಂದ ಗುಳ್ಳೆಗಳು ಸಾಲಾಗಿ ಎದ್ದವು.
ಕೂದಲೆಳೆಯಷ್ಟು ತೂತು.
ಎಷ್ಟು ವರ್ಷದಿಂದ ಹನಿಹನಿ ಕುಡಿಯುತ್ತಿತ್ತೋ.

ಬರಿದು ಮಾಡಿ, ಮೂರು ದಿನ ಹೊರಗೆ ಗಾಳಿಗಿಟ್ಟು,
ರೇಡಿಯೋ ರಿಪೇರಿಯವನ ಮಗಳು ನಾನು,
ಮೂಗುಬೊಟ್ಟಿನಷ್ಟೇ ಬೆಸುಗೆ ಇಟ್ಟೆ.
ಜಾಸ್ತಿಯಾದರೆ
ಮದ್ದಿನ ಭಾರಕ್ಕೇ ಮುಳುಗುತ್ತದೆ.

ಶನಿವಾರ, ಹಿತ್ತಲಲ್ಲಿ, ಕಸದ ದೊಡ್ಡ ಡಬ್ಬಕ್ಕೆ ನೀರು ತುಂಬಿ
ಮೋಟಾರನ್ನು ಅದರ ಕಂಠಕ್ಕೆ ಕಚ್ಚಿಸಿದೆವು.
ಮೂರನೆಯ ಎಳೆತಕ್ಕೆ ಹಿಡಿಯಿತು.
ನೀಲಿ ಹೊಗೆಗೆ ನೆರೆಮನೆಯ ಕಿಟಕಿ
ದಡಾರನೆ ಮುಚ್ಚಿತು.
ಡಬ್ಬದ ನೀರೆಲ್ಲ ನಮ್ಮ ಕಾಲ ಮೇಲೆ.
ಕಾರ್ಬುರೇಟರಿನಿಂದ ಮಾತ್ರ ಒಂದು ತೊಟ್ಟೂ ಇಲ್ಲ.

ಮಾವಿಸ್ ಬಹಳ ಹೊತ್ತು ಕೇಳುತ್ತ ನಿಂತಳು.
ಆಮೇಲೆ ಬಗ್ಗಿ,
ಕ್ಲೆಮ್ ದಿನಾ ಹೀಗೇ ಮಾಡುತ್ತಿದ್ದನಂತೆ,
ಕೊಳಾಯಿ ತಿರುಗಿಸಿದಳು.
ಬಟ್ಟಲಲ್ಲಿ ಉಳಿದಷ್ಟನ್ನು ಕುಡಿದು
ಒಂದು ಗಳಿಗೆ ಜೋರಾಗಿ ಓಡಿ
ತಾನಾಗಿ ನಿಂತಿತು.